ಟ್ಯೂನಿಸ್‌ನ 53ನೆಯ ಪರಿಚ್ಛೇದವೂ ನನ್ನ ಖಾತೆ ಪುಸ್ತಕವೂ

ಅಂತರ್ಜಾಲವನ್ನು ಯಾರು, ಹೇಗೆ ನಡೆಸಬೇಕೆಂದು ದೇಶಗಳು ಚರ್ಚಿಸಿದ ಮಾಹಿತಿ ಸಮಾಜ ಶೃಂಗಸಭೆಯ ಇಪ್ಪತ್ತು ವರ್ಷದ ಪರಾಮರ್ಶೆ 2025ರಲ್ಲಿ ವಿಶ್ವಸಂಸ್ಥೆಯಲ್ಲಿ ನಡೆದಾಗ, ಅದಕ್ಕೆ ಒಕ್ಕೂಟವೊಂದು ಕಳುಹಿಸಿದ ಜಂಟಿ ಅಭಿಪ್ರಾಯಪತ್ರದಲ್ಲಿ ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಕುಳಿತು ಕನ್ನಡದ ಡೊಮೈನ್ ಹೆಸರುಗಳ, ಅಂದರೆ ಕನ್ನಡ ಅಕ್ಷರಗಳ ಜಾಲ ವಿಳಾಸಗಳ, ಪರವಾಗಿ ಬರೆದ ಎರಡು ವಾಕ್ಯಗಳು ಅಕ್ಷರ ಬದಲಾಗದೆ ಉಳಿದುಕೊಂಡವು. ಎರಡೇ ವಾಕ್ಯವೇ ಎಂದು ನಗುವವರು ನಗಲಿ. ಈ ಕೆಲಸದಲ್ಲಿ ಕೈ ಸುಟ್ಟುಕೊಂಡವರಿಗೆ ಅದರ ಬೆಲೆ ಗೊತ್ತಿದೆ, ಮತ್ತು ಈ ಬರಹ ಅವರಿಗಾಗಿಯೇ.

ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಸಣ್ಣ ವ್ಯವಹಾರ ನನ್ನದು. ಅಕ್ಟೋಬರ್ 2011ರಲ್ಲಿ ಭಾರತವು ಅಂತರ್ಜಾಲ ನೀತಿಗಾಗಿ ಐವತ್ತು ದೇಶಗಳ ಸಮಿತಿಯೊಂದು ಬೇಕೆಂದು ವಿಶ್ವಸಂಸ್ಥೆಯ ಮುಂದಿಟ್ಟಾಗ, ನಮ್ಮ ಸರ್ಕಾರದ ಮಾತಿಗೆ ನಮ್ಮವರ ಬೆಂಬಲ ಇರಲೆಂದು ಇಪ್ಪತ್ತೆರಡು ಪುಟ ಬರೆದೆ. ನಿವೃತ್ತ ಅಧ್ಯಾಪಕರೊಬ್ಬರಿಂದ ಇಂಗ್ಲಿಷ್ ತಿದ್ದಿಸಿ, ಮುದ್ರಿಸಿ, ಕೊರಿಯರ್ ಮಾಡುವಷ್ಟರಲ್ಲಿ ಹದಿನಾಲ್ಕು ಸಾವಿರದಷ್ಟು ಕೈಬಿಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ, ಸರ್ಕಾರಗಳ ಹಿಡಿತ ಹೆಚ್ಚಿಸಬಹುದೆಂದು ಹಲವರು ಅನುಮಾನಿಸಿದ ದುಬೈನ ದೂರಸಂಪರ್ಕ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. 2014ರ ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅಂತರ್ಜಾಲ ಆಡಳಿತದ ಬಗ್ಗೆ ನಡೆದ ನೆಟ್‌ಮುಂಡಿಯಲ್ ಸಭೆಯ ಅಂತಿಮ ಘೋಷಣೆಗೂ ಒಪ್ಪಿಗೆ ಕೊಡಲಿಲ್ಲ. ಆ ಬೇಸಿಗೆಯಲ್ಲಿ ದೆಹಲಿಯ ಸರ್ಕಾರವೇ ಬದಲಾಗಿ, ಅಂತರ್ಜಾಲದ ವಿಳಾಸಗಳನ್ನು ನಿರ್ವಹಿಸುವ ಐಕ್ಯಾನ್ ಸಂಸ್ಥೆಯ ಜೂನ್ 2015ರ ಬ್ಯೂನಸ್ ಐರಿಸ್ ಸಭೆಯಲ್ಲಿ ಸಚಿವ ರವಿಶಂಕರ್ ಪ್ರಸಾದ್ ಅವರು ಸರ್ಕಾರಗಳ ಜೊತೆ ಕಂಪನಿಗಳು, ತಂತ್ರಜ್ಞರು, ನಾಗರಿಕರೂ ಸೇರಿ ನಿರ್ಧರಿಸುವ ಬಹುಪಾಲುದಾರ ಮಾದರಿಗೆ ಭಾರತದ ಬೆಂಬಲವನ್ನು ಘೋಷಿಸಿದರು. ನನ್ನ ಇಪ್ಪತ್ತೆರಡು ಪುಟ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬಂದವು.

ಬುದ್ಧಿ ಬರಬೇಕಿತ್ತು, ಬರಲಿಲ್ಲ. ಎರಡನೆಯ ಪತ್ರವನ್ನು, ಐಕ್ಯಾನ್ ಮೇಲಿನ ತನ್ನ ಹಿಡಿತ ಬಿಟ್ಟುಕೊಡುವ ಅಮೆರಿಕದ ನಿಲುವಿಗೆ ಆತುಕೊಂಡು ಬರೆದೆ. ನಾಲ್ಕು ರಾಜ್ಯಗಳ ಅಟಾರ್ನಿ ಜನರಲ್‌ಗಳು ನ್ಯಾಯಾಲಯಕ್ಕೆ ಹೋದರೂ ಕೆಲಸ ನಿಲ್ಲದೆ, 2016ರ ಸೆಪ್ಟೆಂಬರ್ ಮುಗಿಯುತ್ತಲೇ ಐಕ್ಯಾನ್ ಮೇಲೆ ಅಮೆರಿಕ ಸರ್ಕಾರಕ್ಕೆ ಮೇಲ್ವಿಚಾರಣೆ ಕೊಟ್ಟಿದ್ದ ಒಪ್ಪಂದ ಕೊನೆಗೊಂಡಿತ್ತು. ಐದು ವಾರದ ನಂತರ ಹೈದರಾಬಾದಿನಲ್ಲಿ ನಡೆದ ಐಕ್ಯಾನ್ ಸಭೆಗೆ ಪ್ರವೇಶ ಉಚಿತವಾದರೂ ರೈಲು, ವಸತಿ, ಊಟ ಸೇರಿ ಹನ್ನೊಂದು ಸಾವಿರದ ಆಸುಪಾಸು ಖರ್ಚಾಯಿತು. ನವೆಂಬರ್ 8ರ ರಾತ್ರಿ ನನ್ನ ಜೇಬಿನ ಐನೂರರ ನೋಟುಗಳು ರದ್ದಾದವು. ಮರುದಿನ ಅಮೆರಿಕದ ಚುನಾವಣಾ ಫಲಿತಾಂಶ ಬಂದು, ಆ ಬಿಟ್ಟುಕೊಡುವಿಕೆಯನ್ನು ವಿರೋಧಿಸಿದ್ದ ಟ್ರಂಪ್ ಗೆದ್ದು, ನನ್ನ ಪತ್ರವೂ ರದ್ದಾದಂತಾಯಿತು. ಪಡಸಾಲೆಯಲ್ಲಿ ವಿದೇಶಿ ಪ್ರತಿನಿಧಿಗಳು ಒಂದು ಕೈಯಲ್ಲಿ ನೋಟು, ಇನ್ನೊಂದರಲ್ಲಿ ಫೋನು ಹಿಡಿದು ಎರಡನ್ನೂ ನಂಬಲಾಗದೆ ನಿಂತಿದ್ದರು. ಆ ಒಪ್ಪಂದದ ಮುಕ್ತಾಯವನ್ನು ಹಿಂದೆಗೆದುಕೊಳ್ಳಬೇಕೇ ಎಂದು ಅಮೆರಿಕದ ವಾಣಿಜ್ಯ ಇಲಾಖೆಯೇ 2018ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹಿಂದೆಗೆಯಲಿಲ್ಲ, ಅದು ಬೇರೆ ಮಾತು.

ದಾರಿ ತೋರಿಸಿದ್ದು ಮಂಡ್ಯದ ಒಬ್ಬ ಹಿರಿಯ ವಕೀಲರು. ಕಾವೇರಿಯ ಕಡತಗಳನ್ನು ಓದಿ ಕಣ್ಣು ಸವೆಸಿಕೊಂಡವರು. “ಮಂತ್ರಿ ಏನಂದ ಅನ್ನೋದನ್ನ ಬಿಡಿ ಸ್ವಾಮಿ, ಹಳೇ ಕಾಗದದಲ್ಲಿ ಏನಿದೆ ನೋಡಿ” ಎಂದರು. ಎರಡೂ ರಾಜ್ಯಗಳಲ್ಲಿ ಎಷ್ಟು ಸರ್ಕಾರಗಳು ಬಂದುಹೋದರೂ ವಾದವೆಲ್ಲ 1892ರ ಮತ್ತು 1924ರ ಒಪ್ಪಂದಗಳ ಸಾಲುಗಳ ಸುತ್ತಲೇ ತಿರುಗಿದ್ದನ್ನು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂದಿನಿಂದ ಉದ್ದನೆಯ ಖಾತೆ ಪುಸ್ತಕವೊಂದನ್ನು ಇಟ್ಟೆ. ಎಡಕ್ಕೆ ದೇಶ, ಪಕ್ಕದಲ್ಲಿ ಚುನಾವಣೆಯ ದಿನ, ನಂತರ ಆ ದೇಶ ಸಭೆಯಲ್ಲಿ ಬಳಸಿದ ಪದ ‘ಬಹುಪಕ್ಷೀಯ’ವೋ (ಸರ್ಕಾರಗಳಷ್ಟೇ ನಿರ್ಧರಿಸುವುದು) ‘ಬಹುಪಾಲುದಾರ’ವೋ ಎಂಬುದು, ಕೊನೆಗೆ ಯಾವ ಹಳೆಯ ದಾಖಲೆಯನ್ನು ಉದ್ಧರಿಸಿದೆ ಎಂಬುದು. ಹನ್ನೆರಡು ದೇಶಗಳಿಗೆ ನನ್ನ ತಾಳ್ಮೆ ಮುಗಿಯಿತು. ಬ್ರೆಜಿಲ್‌ನ ಸಾಲು ನನಗೆ ಅಚ್ಚುಮೆಚ್ಚು: ಸ್ನೋಡೆನ್ ಬಯಲುಮಾಡಿದ ಬೇಹುಗಾರಿಕೆಯ ಬಗ್ಗೆ 2013ರಲ್ಲಿ ವಿಶ್ವಸಂಸ್ಥೆಯಲ್ಲಿ ಗುಡುಗಿದ ದಿಲ್ಮಾ ರೂಸೆಫ್ ಮರುವರ್ಷ ಸಾವೊ ಪಾಲೊದಲ್ಲಿ ಎಲ್ಲರನ್ನೂ ಸೇರಿಸಿದರು, ಅವರ ಪದಚ್ಯುತಿಯಾಯಿತು, ಟೆಮರ್, ಬೋಲ್ಸೊನಾರೊ ಬಂದುಹೋದರು, ಲೂಲಾ ಮರಳಿದರು, 2024ರಲ್ಲಿ ಅದೇ ಊರಿನಲ್ಲಿ ಅದೇ ಹೆಸರಿನ ಸಭೆ ಮತ್ತೆ ಸೇರಿತು. ಯಜಮಾನರು ಬದಲಾದರೂ ಅಡುಗೆಮನೆ ಬದಲಾಗಿರಲಿಲ್ಲ. 1995ರಿಂದ ಇರುವ ಅಲ್ಲಿನ ಅಂತರ್ಜಾಲ ನಿರ್ವಹಣಾ ಸಮಿತಿ ಹಾಗೆಯೇ ಇತ್ತು.

ಕೊನೆಯ ಕಾಲಂ ನೋಡುತ್ತ ಹೋದಾಗ ಮಾಹಿತಿ ಸಮಾಜ ಶೃಂಗಸಭೆಯು ಒಪ್ಪಿದ 2005ರ ಟ್ಯೂನಿಸ್ ಕಾರ್ಯಸೂಚಿ ಮತ್ತೆ ಮತ್ತೆ ಎದುರಾಯಿತು. ಎಲ್ಲರೂ ಅಂತರ್ಜಾಲ ಆಡಳಿತ ವೇದಿಕೆ ಎಂಬ ಚರ್ಚಾಸಭೆಯನ್ನು ಹುಟ್ಟುಹಾಕಿದ 72ನೆಯ ಪರಿಚ್ಛೇದವನ್ನು ಹಿಡಿದು ಜಗ್ಗುತ್ತಿದ್ದರು. ನಾನು 53ನ್ನು ಹಿಡಿದೆ. ಅಂತರ್ಜಾಲವನ್ನು ಬಹುಭಾಷಿಕಗೊಳಿಸುವ ಕೆಲಸವು ಸರ್ಕಾರಗಳನ್ನೂ ಎಲ್ಲ ಪಾಲುದಾರರನ್ನೂ ಒಳಗೊಂಡ ಬಹುಪಕ್ಷೀಯ, ಪಾರದರ್ಶಕ, ಪ್ರಜಾಸತ್ತಾತ್ಮಕ ಪ್ರಕ್ರಿಯೆಯ ಭಾಗವಾಗಿರಬೇಕು ಎಂಬುದು ಅದರ ತಿರುಳು. ಕಚ್ಚಾಡುವ ಎರಡೂ ಪಾಳೆಯಗಳ ಪದಗಳು ಒಂದೇ ವಾಕ್ಯದಲ್ಲಿ ಕೂತಿವೆ. ದೆಹಲಿಯಲ್ಲೋ ವಾಷಿಂಗ್ಟನ್‌ನಲ್ಲೋ ಯಾರು ಗೆದ್ದರೂ ತಮ್ಮ ಪದವನ್ನು ತಾವೇ ಹೊಡೆದುಹಾಕುವಂತಿಲ್ಲ. ಕನ್ನಡದ ಡೊಮೈನ್ ಹೆಸರುಗಳಿಗೆ ಬೇಕಾದ ಬೇಡಿಕೆಯನ್ನು ಆ ವಾಕ್ಯದ ಬೆನ್ನಿಗೇ ಕಟ್ಟಿದೆ.

ಬೇಡಿಕೆಯಲ್ಲಿ ಹುರುಳಿದೆಯೇ ಎಂದು ನೋಡಲು ನಡುವೆ ಒಂದು ಪ್ರಯೋಗ ಮಾಡಿದೆ. ಕೊನೆಯಲ್ಲಿ ‘.ಭಾರತ’ ಇರುವ ಕನ್ನಡ ಹೆಸರೊಂದನ್ನು ಕೊಂಡು, ಕನ್ನಡ ಅಕ್ಷರಗಳದೇ ಇಮೇಲ್ ವಿಳಾಸ ಮಾಡಿ, ಮೂವತ್ತರಷ್ಟು ಅರ್ಜಿ ನಮೂನೆಗಳಲ್ಲಿ ತುಂಬಿದೆ. ಸ್ವೀಕರಿಸಿದ್ದು ಆರೋ ಏಳೋ. ಕನ್ನಡದ ಲ, ಬ, ಠ ಅಕ್ಷರಗಳು ತೆಲುಗಿನವನ್ನು ಎಷ್ಟು ಹೋಲುತ್ತವೆಂದರೆ, ಮೋಸದ ವಿಳಾಸ ಮಾಡುವುದು ಬಹಳ ಸುಲಭ; ಅಂಥ ಅಕ್ಷರಗಳ ಪಟ್ಟಿಯನ್ನೂ ಮಾಡಿಟ್ಟಿದ್ದೇನೆ. ಅದನ್ನು ಎಲ್ಲರ ಕೈಗೆ ಕೊಡುವುದಿಲ್ಲ.

ಕರಡು ನೋಡಿದ ಗೆಳೆಯರು, ಹಳೆಯ ಕಾಗದವನ್ನು ಯಾರು ಓದುತ್ತಾರೆ, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಜೋಡಿಸಿ, ಅದೇ ಈಗ ನಡೆಯುವ ನಾಣ್ಯ ಎಂದರು. ಮಾರ್ಚ್ 2025ರಲ್ಲಿ ಅಮೆರಿಕವು ಮಹಾಸಭೆಯಲ್ಲಿ ಆ ಗುರಿಗಳನ್ನೇ ತಿರಸ್ಕರಿಸುವುದಾಗಿ ಹೇಳಿದಾಗ ಅವರ ಕರಡುಗಳು ಮತ್ತೆ ಕಮ್ಮಟಕ್ಕೆ ಹೋದವು, ನನ್ನದು ಮೇಜಿನ ಮೇಲೆಯೇ ಉಳಿಯಿತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅಂದು ನಮ್ಮ ಗುಂಪಿನಲ್ಲಿ ತಿದ್ದಬೇಕಿಲ್ಲದ ಕರಡು ಅದೊಂದೇ. ಕರಡಿನ ಯಾವ ಹಂತದಲ್ಲಿ, ಯಾವ ದರ್ಜೆಯವರ ಕೈಗೆ ವಾಕ್ಯವನ್ನು ತಲುಪಿಸಬೇಕು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಡಿಸೆಂಬರ್‌ನಲ್ಲಿ ಮಹಾಸಭೆಯು ಅಂತರ್ಜಾಲ ಆಡಳಿತ ವೇದಿಕೆಯನ್ನು ಕಾಯಂಗೊಳಿಸಿದ ಮೇಲೆ, ಅಭಿಪ್ರಾಯಪತ್ರದ ಪ್ರತಿಯೊಂದನ್ನು ಮಂಡ್ಯದ ವಕೀಲರಿಗೆ ಒಯ್ದು ಕೊಟ್ಟೆ. ಅವರು ಕನ್ನಡಕ ಏರಿಸಿ, ಮೊದಲು ಖರ್ಚೆಷ್ಟಾಯಿತೆಂದು ಕೇಳಿದರು. ಇಷ್ಟು ವರ್ಷದ್ದೆಲ್ಲ ಸೇರಿ ತೊಂಬತ್ತು ಸಾವಿರದ ಹತ್ತಿರ ಎಂದೆ. “ವಾಕ್ಯಕ್ಕೆ ನಲವತ್ತೈದು ಸಾವಿರ ಬಿತ್ತಲ್ಲ, ನಮ್ಮ ಫೀಸೇ ವಾಸಿ” ಎಂದು ಕಾಫಿ ತರಿಸಿದರು.