ಖರ್ಚಿನ ಪುಸ್ತಕದ ಬಲಗಡೆ ಪುಟ

ನಾನು ಪುಣೆಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಅಪ್ಪಾ ಬಳವಂತ ಚೌಕದ ಹತ್ತಿರ ನೋಟ್‌ಬುಕ್, ಪೆನ್ನು ಮಾರುವ ಒಂದು ಹೋಲ್‌ಸೇಲ್ ಅಂಗಡಿ. ಬಿಲ್ಲು, ಉದ್ರಿ, ಜಮಾ, ಬಾಕಿ, ದಿನವಿಡೀ ಇದೇ. ಮನೆಯಲ್ಲೂ ಒಂದು ಖರ್ಚಿನ ಪುಸ್ತಕ ಇಟ್ಟಿದ್ದೇನೆ. ಎಡಗಡೆ ಪುಟದಲ್ಲಿ ಹಾಲು, ಗ್ಯಾಸ್, ಔಷಧಿ, ಬಸ್ ಪಾಸು. ಬಲಗಡೆ ಪುಟದಲ್ಲಿ ಅವತ್ತು ದೇವರು ಮಾಡಿದ ಒಳ್ಳೆಯದು. ಹಲವು ವರ್ಷಗಳಿಂದ ಹೀಗೇ ನಡೆದಿದೆ. ದೇವರು ಒಳ್ಳೆಯವನು ಅನ್ನುವುದನ್ನು ಚಿಕ್ಕಂದಿನಿಂದ ಚರ್ಚಿನ ಪ್ರಸಂಗಗಳಲ್ಲಿ ಕೇಳಿದ್ದೆ. ಅದು ನಾನೇ ಕಂಡ ಸಂಗತಿ ಆಗಿದ್ದು ಈ ಬಲಗಡೆ ಪುಟದಿಂದ. ಯಾರಿಗಾದರೂ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ನನ್ನ ತವರು ಗದಗ ಬೆಟಗೇರಿ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಪಾದ್ರಿಗಳ ಕಾಲದಿಂದ ಕ್ರೈಸ್ತ ಸಭೆ ಇರುವ ಊರು. ಅವ್ವ ಓದಿದ್ದು ಕಡಿಮೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇವತ್ತ ದೇವರು ನಿನಗ ಏನ ಮಾಡ್ಯಾನ, ಹೇಳ." ಸುಮ್ನೆ "ಎಲ್ಲಾ ಚಲೋ ಮಾಡ್ಯಾನ" ಅಂದರೆ ಬಿಡುತ್ತಿರಲಿಲ್ಲ. "ಎಲ್ಲಾ ಅಂದ್ರ ಯಾವದು?" ಅನ್ನುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ದಿನವನ್ನು ಬೆಳಿಗ್ಗೆಯಿಂದ ಒಮ್ಮೆ ತಿರುಗಿ ನೋಡಬೇಕಾಗುತ್ತಿತ್ತು. ನಾನು ಈಗ ಮಾಡುವುದೂ ಇಷ್ಟೇ. ಅವ್ವ ಬಾಯಲ್ಲಿ ಕೇಳುತ್ತಿದ್ದಳು, ನಾನು ಬರೆದಿಡುತ್ತೇನೆ.

ಬರೆಯುವುದಕ್ಕೆ ನನ್ನ ಮಾದರಿ ಬೈಬಲಿನ 136ನೇ ಕೀರ್ತನೆ. ಅದರಲ್ಲಿ 26 ವಚನ. ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಮಾತು ಬರುತ್ತದೆ. ಆಕಾಶ, ಸೂರ್ಯ, ಚಂದ್ರ, ಐಗುಪ್ತದಿಂದ (ಈಜಿಪ್ಟಿನಿಂದ) ಬಿಡುಗಡೆ, ಕೆಂಪು ಸಮುದ್ರ, ಸೀಹೋನ್ ಮತ್ತು ಓಗ್ ಎಂಬ ಅರಸರ ಸೋಲು, ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತದೆ. ಇಷ್ಟೆಲ್ಲ ದೊಡ್ಡ ಸಂಗತಿ ಆದ ಮೇಲೆ 25ನೇ ವಚನದಲ್ಲಿ ಏನಿದೆ ಗೊತ್ತಾ? ದೇವರು ಎಲ್ಲಾ ಜೀವಿಗಳಿಗೆ ಆಹಾರ ಕೊಡುತ್ತಾನೆ ಅಂತ ಇದೆ. ಸಮುದ್ರ ಎರಡು ಭಾಗ ಆದದ್ದೂ ಇವತ್ತಿನ ಊಟವೂ ಒಂದೇ ಪಟ್ಟಿಯಲ್ಲಿ! ನನಗೆ ಇದು ತುಂಬಾ ಹಿಡಿಸಿದ ವಿಷಯ. ನಮ್ಮ ಮನೆಯಲ್ಲಿ ಸಮುದ್ರ ಸೀಳಿಲ್ಲ. ಆದರೆ 25ನೇ ವಚನದ ಕೆಳಗೆ ಬರೆಯಲು ನಮ್ಮ ಹತ್ತಿರ ದಿನಾ ಏನಾದರೂ ಇರುತ್ತದೆ.

ಹಾಗಾಗಿ ನಾನು ಇಟ್ಟುಕೊಂಡ ಪದ್ಧತಿ ಒಂದೇ. ಬರೆದ ಸಾಲಿನಲ್ಲಿ ಒಬ್ಬ ಮನುಷ್ಯನೋ, ಒಂದು ವಸ್ತುವೋ, ಒಂದು ಹೊತ್ತೋ ಇರಲೇಬೇಕು. "ದೇವರು ಕಾಪಾಡಿದ" ಅಂತ ಬರೆದರೆ ಮರುದಿನ ಓದಿದಾಗ ಏನೂ ನೆನಪಾಗುವುದಿಲ್ಲ. "ಸ್ವಾರಗೇಟ್‌ನಲ್ಲಿ ಮಳೆ ಜೋರಾದಾಗ ಹೂ ಮಾರುವ ಅಜ್ಜಿ ತನ್ನ ತಾಡಪತ್ರಿ ಕೆಳಗೆ ಕರೆದು ನಿಲ್ಲಿಸಿಕೊಂಡಳು" ಅಂತ ಬರೆದರೆ ಆ ಅಜ್ಜಿಯ ಮುಖವೇ ಕಣ್ಣ ಮುಂದೆ ಬರುತ್ತದೆ. ಅವಳಿಗಾಗಿ ಪ್ರಾರ್ಥನೆಯೂ ತಾನಾಗಿ ಬರುತ್ತದೆ.

ನಮ್ಮ ಅತ್ತೆಗೆ ಲಕ್ವ ಹೊಡೆದ ವರ್ಷ ಈ ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಅದಕ್ಕಿಂತ ಕಷ್ಟ ಆಗಿದ್ದು ನುಂಗುವುದು. ನೀರು ಕುಡಿಸಿದರೆ ಕೆಮ್ಮು ಹತ್ತುತ್ತಿತ್ತು. ತೆಳ್ಳಗಿನದ್ದು ಶ್ವಾಸನಾಳಕ್ಕೆ ಇಳಿಯುವ ಭಯ ಇರುತ್ತದೆ, ಗಟ್ಟಿ ಮಾಡಿ ಕೊಡಿ ಅಂತ ನರ್ಸ್ ಹೇಳಿಕೊಟ್ಟರು. ಅತ್ತೆಯನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಿಕ್ಕ ಚಮಚದಲ್ಲಿ ಗಟ್ಟಿ ಗಂಜಿ. ಒಂದು ಚಮಚ ಪೂರ್ತಿ ಇಳಿಯಿತಾ ಅಂತ ಗಂಟಲು ನೋಡಿ ಆಮೇಲೆ ಇನ್ನೊಂದು. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ತಾಸು. ಅಷ್ಟು ಹೊತ್ತು ಒಬ್ಬರ ಗಂಟಲನ್ನೇ ನೋಡುತ್ತಾ ಕೂತರೆ, ನುಂಗುವುದು ಎಷ್ಟು ದೊಡ್ಡ ಕೊಡುಗೆ ಅಂತ ಗೊತ್ತಾಗುತ್ತದೆ. ನಾವು ದಿನಾ ಲೆಕ್ಕವಿಲ್ಲದಷ್ಟು ಸಲ ನುಂಗುತ್ತೇವೆ. ಯಾರಾದರೂ ಸ್ತೋತ್ರ ಹೇಳಿದ್ದೇವಾ?

ಆ ದಿನಗಳ ಸಾಲುಗಳನ್ನು ಈಗಲೂ ತೆಗೆದು ಓದುತ್ತೇನೆ. "ಅತ್ತೆ ಕೆಮ್ಮದೆ ಅರ್ಧ ಬಟ್ಟಲು ಗಂಜಿ ಕುಡಿದರು." "ಎಡಗೈಯಿಂದ ತಾವೇ ಚಮಚ ಹಿಡಿದರು." ಎಷ್ಟೋ ವಾರಗಳಾದ ಮೇಲೆ, "ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ತಿಂದರು, ಇನ್ನಷ್ಟು ಕೇಳಿದರು." ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಲೆಕ್ಕದಲ್ಲಿ ಮೊತ್ತದ ಕೆಳಗೆ ಎಳೆಯುತ್ತೇವಲ್ಲ, ಹಾಗೆ.

ಅತ್ತೆ ಪೂರ್ತಿ ವಾಸಿ ಆಗಲಿಲ್ಲ. ಬಲಗೈ ಕೊನೆವರೆಗೂ ಬರಲಿಲ್ಲ. ಎರಡು ವರ್ಷ ಹೀಗೇ ಇದ್ದು ಕರ್ತನ ಬಳಿಗೆ ಹೋದರು. ಕೈ ಬರಲಿ ಅಂತ ಬಹಳ ಪ್ರಾರ್ಥಿಸಿದ್ದೆವು. ಬೇಡಿದ್ದೆಲ್ಲ ಸಿಗುವುದೇ ದೇವರ ಒಳ್ಳೆಯತನ ಅಂದುಕೊಂಡಿದ್ದರೆ ನನ್ನ ಪುಸ್ತಕ ಅಲ್ಲಿಗೇ ಮುಗಿಯುತ್ತಿತ್ತು.

ಆ ದಿನಗಳಲ್ಲಿ 73ನೇ ಕೀರ್ತನೆ ನನಗೆ ಆಸರೆ ಆಯಿತು. ಅದನ್ನು ಬರೆದ ಆಸಾಫನು ದೇವರು ಒಳ್ಳೆಯವನು ಅಂತಲೇ ಶುರು ಮಾಡುತ್ತಾನೆ. ಮರುಕ್ಷಣವೇ, ಹಾಗಾದರೆ ಕೆಟ್ಟವರು ಕೊಬ್ಬಿ ಸುಖವಾಗಿರುವುದು ಯಾಕೆ, ನಾನು ದಿನಾ ಪೆಟ್ಟು ತಿನ್ನುವುದು ಯಾಕೆ ಅಂತ ಕೇಳುತ್ತಾನೆ. ದೇವಾಲಯಕ್ಕೆ ಹೋದ ಮೇಲೆ ಅವನ ಮನಸ್ಸು ತಿರುಗುತ್ತದೆ. ಕೊನೆಯ ವಚನದಲ್ಲಿ, ದೇವರ ಹತ್ತಿರ ಇರುವುದೇ ನನಗೆ ಒಳ್ಳೆಯದು ಅನ್ನುತ್ತಾನೆ. ಅವನ ಕಷ್ಟ ತೀರಿತು ಅಂತ ಎಲ್ಲೂ ಬರೆದಿಲ್ಲ. ಅತ್ತೆಯ ಮಂಚದ ಪಕ್ಕ ಕೂತಾಗ ನನಗೂ ಆತ ಹತ್ತಿರ ಇದ್ದ. ಇದನ್ನು ಯಾರಿಗೂ ಸಾಬೀತು ಮಾಡಿ ತೋರಿಸಲಾರೆ. ಆದರೆ ಆ ಎರಡು ವರ್ಷ ನಾನು ಒಂಟಿಯಾಗಿರಲಿಲ್ಲ ಅನ್ನುವುದು ನನಗೆ ಗೊತ್ತು.

ಏನೂ ಕಾಣದ ದಿನಗಳೂ ಬರುತ್ತವೆ. ಅವತ್ತು ಬಲವಂತವಾಗಿ ಹುಡುಕಿ ಬರೆಯುವುದಿಲ್ಲ. "ಇವತ್ತು ಏನೂ ಕಾಣಲಿಲ್ಲ ಸ್ವಾಮಿ" ಅಂತಲೇ ಬರೆಯುತ್ತೇನೆ, ತಾರೀಖು ಹಾಕುತ್ತೇನೆ, 88ನೇ ಕೀರ್ತನೆ ಓದುತ್ತೇನೆ. ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದರೂ ಅದು ಪ್ರಾರ್ಥನೆಯೇ, ಬೈಬಲಿನಲ್ಲಿ ಅದಕ್ಕೂ ಜಾಗ ಇದೆ. ದುಃಖದಲ್ಲಿರುವವರಿಗೆ "ಸ್ತೋತ್ರ ಹೇಳು, ಎಲ್ಲಾ ಸರಿ ಹೋಗುತ್ತೆ" ಅನ್ನುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಅವರ ಜೊತೆ ಕೂತು ಈ ಕೀರ್ತನೆ ಓದಿದರೆ ಸಾಕು.

ಇನ್ನೊಂದು ಮಾತು. ಅಪಘಾತವಾದ ಬಸ್ಸು ನನಗೆ ತಪ್ಪಿತ್ತು, ದೇವರು ಎಷ್ಟು ಒಳ್ಳೆಯವನು ಅನ್ನುವ ಸಾಕ್ಷಿಗಳನ್ನು ಕೇಳುತ್ತಿರುತ್ತೇವೆ. ಬದುಕಿದವರ ಕೃತಜ್ಞತೆ ನನಗೆ ಅರ್ಥ ಆಗುತ್ತದೆ. ಆದರೆ ಆ ಬಸ್ಸಿನಲ್ಲಿ ಇದ್ದವರಿಗೂ ದೇವರು ಒಬ್ಬನೇ ಅಲ್ವಾ? ಇನ್ನೊಬ್ಬರ ನಷ್ಟದ ಪಕ್ಕದಲ್ಲಿಟ್ಟು ಅಳೆಯುವ ಒಳ್ಳೆಯದನ್ನು ನಾನು ಬಲಗಡೆ ಪುಟದಲ್ಲಿ ಬರೆಯುವುದಿಲ್ಲ.

ನಮ್ಮ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಗ್ಗೆ ಹೇಳಲೇಬೇಕು. ಪ್ರತಿ ವರ್ಷ ಗಣಪತಿ ಕೂರಿಸುವ ಮನೆ ಅವರದು. ನಾನು ಕೆಲಸಕ್ಕೆ ಹೋದಾಗ ಮಧ್ಯಾಹ್ನ ಬಂದು ಅತ್ತೆಯ ಜೊತೆ ಕೂರುತ್ತಿದ್ದರು. ಅತ್ತೆಗೆ ಮರಾಠಿ ಬಾರದು, ಕಾಕುಗೆ ಕನ್ನಡ ಬಾರದು. ಆದರೂ ಇಬ್ಬರ ನಗು ಮೆಟ್ಟಿಲ ತನಕ ಕೇಳುತ್ತಿತ್ತು ಅಂತ ಕೆಳಗಿನ ಮನೆಯವರು ಹೇಳುತ್ತಿದ್ದರು. ಪುಸ್ತಕದಲ್ಲಿ ಜಾಸ್ತಿ ಸಲ ಬಂದ ಹೆಸರು ಅವರದೇ. ನಮ್ಮ ಸಭೆಯ ಒಬ್ಬರು, "ಅವರು ವಿಶ್ವಾಸಿ ಅಲ್ಲವಲ್ಲ?" ಅಂತ ಕೇಳಿದರು. ಬೈಬಲಿನ ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ತೆಗೆದು ತೋರಿಸಿದೆ. ಲುಸ್ತ್ರ ಅನ್ನುವ ಊರಿನಲ್ಲಿ ಜನ, ಯೇಸುವಿನ ಸುವಾರ್ತೆ ಸಾರಲು ಬಂದ ಪೌಲ, ಬಾರ್ನಬರನ್ನೇ ದೇವರುಗಳೆಂದು ತಿಳಿದು ಬಲಿ ಕೊಡಲು ಬಂದರು. ಪೌಲ ಅವರಿಗೆ ಹೇಳಿದ್ದೇನು? ದೇವರು ನಿಮಗೂ ಮಳೆ ಸುರಿಸಿದ್ದಾನೆ, ಬೆಳೆ ಕೊಟ್ಟಿದ್ದಾನೆ, ಊಟದಿಂದಲೂ ಸಂತೋಷದಿಂದಲೂ ನಿಮ್ಮ ಮನಸ್ಸು ತುಂಬಿಸಿದ್ದಾನೆ ಅಂತ. ಆತನ ಒಳ್ಳೆಯತನ ಯಾರ ಬಾಗಿಲಿಂದ ಬೇಕಾದರೂ ಬರುತ್ತದೆ. ನಮಗೆ ಪಕ್ಕದ ಬಾಗಿಲಿಂದ ಬಂತು.

ಒಮ್ಮೆ ಸಭೆಯ ಹೆಂಗಸರೆಲ್ಲ ದೌಂಡ್ ಕಡೆಯ ರೈಲು ಹಿಡಿದು ಕೇಡಗಾಂವ್‌ಗೆ ಹೋಗಿ ಪಂಡಿತಾ ರಮಾಬಾಯಿಯವರು ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಮುಕ್ತಿ ಮಿಶನ್ ನೋಡಿ ಬಂದೆವು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ, ತಾಯಿ, ಅಕ್ಕ ಬರಗಾಲದಲ್ಲಿ ಹಸಿವಿನಿಂದ ತೀರಿಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡ ಕಾಲರಾದಿಂದ ಹೋದರು. ಒಬ್ಬಳೇ ಮಗಳು ಮನೋರಮಾ 1921ರಲ್ಲಿ, ತಾಯಿಗಿಂತ ಕೆಲವೇ ತಿಂಗಳು ಮುಂಚೆ ತೀರಿಕೊಂಡಳು. ಹಸಿವೆ ಏನೆಂದು ಗೊತ್ತಿದ್ದ ಈ ತಾಯಿ, 1896–97ರ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. 1907ರಲ್ಲಿ ತಮ್ಮ ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಕಥೆ, ಬರೆದಾಗ ಅದಕ್ಕೆ ಎಂದೂ ತೀರದ ನಿಧಿಯ ಹೆಸರನ್ನೇ ಇಟ್ಟರು. ಇಷ್ಟು ಕಳೆದುಕೊಂಡವರು ಹಾಗೆ ಹೇಳಿದರೆ ನನಗೆ ನಂಬಿಕೆ ಬರುತ್ತದೆ. ಅನಾಥರನ್ನು ಸಾಕುತ್ತಿದ್ದ ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಅವರ ಜೀವನ ಓದಿ ರಮಾಬಾಯಿಗೆ ಧೈರ್ಯ ಬಂದಿತ್ತು. ಮುಲ್ಲರ್ ಕೂಡ ಬೇಡಿದ್ದನ್ನೂ ಸಿಕ್ಕಿದ್ದನ್ನೂ ಬರೆದಿಡುತ್ತಿದ್ದರು. ಅವರು ಬರೆದಿಡದೇ ಇದ್ದಿದ್ದರೆ ಆ ಧೈರ್ಯ ಅಷ್ಟು ದೂರದ ಕೇಡಗಾಂವ್‌ಗೆ ಎಲ್ಲಿ ಮುಟ್ಟುತ್ತಿತ್ತು?

ಅದಕ್ಕೇ ಬರೆದದ್ದನ್ನು ಪುಸ್ತಕದಲ್ಲೇ ಮುಚ್ಚಿಡುವುದಿಲ್ಲ. ಶನಿವಾರ ಸಂಜೆ ನಮ್ಮ ಕನ್ನಡ ಹೆಂಗಸರ ಮನೆ ಪ್ರಾರ್ಥನೆ ಇರುತ್ತದೆ. ಬೀದರ, ಕಲಬುರಗಿ, ಸೋಲಾಪುರ ಕಡೆಯವರೇ ಹೆಚ್ಚು. ಮನೆಕೆಲಸ, ಕಟ್ಟಡದ ಕೆಲಸ, ಶಾಲೆಯ ಕೆಲಸ ಮುಗಿಸಿ ದಣಿದು ಬರುತ್ತಾರೆ. ವಾಕ್ಯ ಓದುವ ಮೊದಲು ಪ್ರತಿಯೊಬ್ಬರೂ ಆ ವಾರದ ಒಂದು ಸಂಗತಿ ಹೇಳಬೇಕು. ಓದು ಬಾರದವರು ಬೆರಳೆಣಿಸಿ ನೆನಪಿಟ್ಟುಕೊಂಡು ಬರುತ್ತಾರೆ. ಒಬ್ಬಾಕೆ, "ಸಾಹುಕಾರ್ತಿ ಈ ವಾರ ನನ್ನ ಹೆಸರು ಹಿಡಿದು ಕರೆದಳು" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹೇಳಲು ಏನೂ ಇಲ್ಲದವರು "ಇಲ್ಲ" ಅನ್ನಬಹುದು. ಅವರಿಗಾಗಿ ಪಕ್ಕದವರು ಪ್ರಾರ್ಥಿಸುತ್ತಾರೆ, ಮಾತು ಮುಂದಿನವರಿಗೆ ಹೋಗುತ್ತದೆ.

ನನ್ನ ಗಂಡನಿಗೆ ಕೆಲಸ ಹೋಗಿ ಕೆಲವು ತಿಂಗಳಾಯಿತು. ಈಗ ಚಾಕಣ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಡಿಮೆ. ಎಡಗಡೆ ಪುಟ ಬಿಗಿಯಾಗಿದೆ. ಬಲಗಡೆ ಅವರು ತಾವೇ ಒಂದು ಸಾಲು ಬರೆದಿದ್ದಾರೆ: "ಮೊದಲ ದಿನ ಡಬ್ಬಿ ಮರೆತಿದ್ದೆ, ಶಿಫ್ಟಿನ ಹುಡುಗರು ತಮ್ಮದರಲ್ಲಿ ಪಾಲು ಕೊಟ್ಟರು." ಬರುವ ಶನಿವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ. ಕಾಕುನೂ ಬರುತ್ತೇನೆ ಅಂದಿದ್ದಾರೆ. 136ನೇ ಕೀರ್ತನೆಯನ್ನು ಮರಾಠಿಯಲ್ಲೂ ಓದಿಸಬೇಕು. ಯಾರು ಓದುತ್ತಾರೆ ಅಂತ ಇನ್ನೂ ನಿಶ್ಚಯ ಆಗಿಲ್ಲ.