ತಪಸ್ಸುಕಾಲದಲ್ಲಿ ಗಂಡ ಹೆಂಡತಿ ದೂರ ಇರಬೇಕಾ?

ಚರ್ಚಿನ ಮದುವೆ ತಯಾರಿ ತರಗತಿಯಲ್ಲಿ ನಾನೂ ನಮ್ಮವರೂ ಮಾತಾಡಿದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಅದೂ ಟೀ ಬಿಡುವಿನಲ್ಲಿ, ಮೆಲ್ಲಗೆ.

ತಪಸ್ಸುಕಾಲ ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲ. ಕಥೋಲಿಕ ಸಭೆಯ ಉಪವಾಸದ ನಿಯಮ ಊಟದ್ದು, ಹಾಸಿಗೆಯದ್ದಲ್ಲ. ನೀವಾಗಿ ದೂರ ಇರಬೇಕು ಅಂದ್ರೆ, ಬೈಬಲಿನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ ತೆಗೆಯಿರಿ. 3ರಿಂದ 5ನೇ ವಚನ ಇಬ್ಬರೂ ಕೂತು ಓದಿ. ಪ್ರಾರ್ಥನೆಗಾಗಿ ದೂರ ಇರಬಹುದು, ಆದರೆ ಇಬ್ಬರೂ ಒಪ್ಪಬೇಕು, ಸ್ವಲ್ಪ ಕಾಲ ಮಾತ್ರ, ಆಮೇಲೆ ಮತ್ತೆ ಸೇರಬೇಕು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅನ್ನುವ ಮಾತನ್ನಷ್ಟೇ ಹಿಡಿದುಕೊಳ್ಳುವವರು ಅದರ ಬೆನ್ನಿಗೇ ಇರುವುದನ್ನೂ ಓದಲಿ: ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಶುಕ್ರವಾರ ಮಾತ್ರವಾ? ಆ ಹೊತ್ತಲ್ಲಿ ಪ್ರಾರ್ಥನೆ ಮಾಡ್ತೀರಾ, ಸುಮ್ನೆ ಫೋನ್ ನೋಡ್ತೀರಾ? ಒಬ್ಬರೇ ತೀರ್ಮಾನಿಸಿ ಬೆನ್ನು ತಿರುಗಿಸಿದರೆ ಅದು ಉಪವಾಸವಲ್ಲ, ಮುನಿಸು.

ಜೊತೆಗೆ ಬೈಬಲಿನ ಪ್ರೇಮಕಾವ್ಯ ಪರಮಗೀತೆ ಓದಿ, ಎಂಟೇ ಅಧ್ಯಾಯ. ನಾಚಿಕೆಯಾ? 12ನೇ ಶತಮಾನದ ಸನ್ಯಾಸಿ ಸಂತ ಬರ್ನಾರ್ಡ್ ಅದರ ಮೇಲೆ 86 ಪ್ರಸಂಗ ಬರೆದರೂ ಮೂರನೇ ಅಧ್ಯಾಯದ ಶುರುವನ್ನೇ ದಾಟಲಿಲ್ಲ!

ಬಲವಂತ, ಹೊಡೆತ ಇದ್ದರೆ ಮಾತ್ರ ವಚನ ಓದಿಕೊಂಡು ಸಹಿಸಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.