ಬಿದಿರಿನ ನೆಲ ಹಾಕಿಸುವ ಮೊದಲು

ಮಳೆ ಹಿಡಿದು ಮೂರು ವಾರವಾಗಿತ್ತು. ತೀರ್ಥಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆಯ ಬಾಗಿಲನ್ನು ತಳ್ಳಿದರೆ ಅರ್ಧಕ್ಕೇ ನಿಂತುಬಿಟ್ಟಿತು. ಬಾಗಿಲಿನ ಮರ ಉಬ್ಬಿರಬೇಕು ಎಂದುಕೊಂಡು ಬಗ್ಗಿ ನೋಡಿದೆ. ಉಬ್ಬಿದ್ದು ಬಾಗಿಲಲ್ಲ, ನೆಲ. ಮೇ ತಿಂಗಳಲ್ಲಿ ಆಸೆಪಟ್ಟು ಹಾಕಿಸಿದ್ದ ಬಿದಿರಿನ ಹಲಗೆಗಳು ಕೋಣೆಯ ನಡುವೆ ಎರಡು ಬೆರಳಿನಷ್ಟು ಎದ್ದಿದ್ದವು. ಕಾಲಿಟ್ಟರೆ ಕೆಳಗಿನಿಂದ ಟೊಳ್ಳು ಸದ್ದು. ಗೋಡೆಯಂಚಿನ ಪಟ್ಟಿಯನ್ನು ಕೀಳಿಸಿದಾಗ ಕಾರಣ ಕಣ್ಣಿಗೇ ಕಂಡಿತು. ಹಲಗೆಗಳನ್ನು ಗೋಡೆಗೆ ತಾಗಿಸಿ ಬಿಗಿದಿದ್ದರು, ಹಿಗ್ಗುವುದಕ್ಕೆ ಒಂದು ನೂಲಿನಷ್ಟೂ ಜಾಗವಿರಲಿಲ್ಲ. ಪಕ್ಕಕ್ಕೆ ಸರಿಯಲಾಗದೆ ನೆಲ ಮೇಲಕ್ಕೆ ಎದ್ದಿತ್ತು.

ಹಾಕಿದವರು ಕೈಕೆಲಸದಲ್ಲಿ ಕಡಿಮೆಯವರಲ್ಲ, ಆದರೆ ಬಿದಿರಿನ ಸ್ವಭಾವ ಅವರಿಗೆ ಗೊತ್ತಿರಲಿಲ್ಲ. ಕೊಳ್ಳುವಾಗ ನಾವೂ ಬಣ್ಣ ನೋಡಿದೆವು, ಬೆಲೆ ಕೇಳಿದೆವು, ಅಷ್ಟೇ. ಅದಾದ ಮೇಲೆ ಬೆಂಗಳೂರಿನಲ್ಲಿ ಮಗನ ಮನೆಗೆ ಹಾಕಿಸುವಾಗ ಎರಡು ತಿಂಗಳು ಅಂಗಡಿ ತಿರುಗಿ, ಕೇಳಿ, ಪರೀಕ್ಷೆ ಮಾಡಿ ಕೊಂಡೆವು. ಆ ನೆಲಕ್ಕೆ ಈಗ ಎಂಟು ವರ್ಷ. ಒಂದು ಹಲಗೆಯೂ ಅಲುಗಿಲ್ಲ. ಹೊಸದಾಗಿ ಮನೆ ಕಟ್ಟುತ್ತಿರುವ ಮಕ್ಕಳಿಗೆ ಉಪಯೋಗವಾಗಲಿ ಎಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು ಒಂದೇ ಸಂಗತಿ: ಬಿದಿರು ಮರವಲ್ಲ, ಹುಲ್ಲು. ಎಷ್ಟೇ ಸೀಳಿ, ಬೇಯಿಸಿ, ಅಂಟು ಹಾಕಿ, ಒತ್ತಿ ಹಲಗೆ ಮಾಡಿದರೂ ಗಾಳಿಯ ತೇವವನ್ನು ಕುಡಿಯುವುದನ್ನು ಅದು ಬಿಡುವುದಿಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಶಿವರಾತ್ರಿ ಕಳೆದ ಮೇಲೆ ಕುಗ್ಗುತ್ತದೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಂಡರೆ ಬಿದಿರಿನಷ್ಟು ಹಿತವಾದ ನೆಲ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಚಳಿಗಾಲದ ಬೆಳಿಗ್ಗೆ ವಿಟ್ರಿಫೈಡ್ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಮಂಡಿಯವರೆಗೆ ತಣ್ಣಗೆ ಏರುತ್ತದೆ. ಬಿದಿರಿನ ಮೇಲೆ ಹಾಗಾಗುವುದಿಲ್ಲ. ವಯಸ್ಸಾದವರ ಕೋಣೆಗೆ, ಮಕ್ಕಳು ಕೂತು ಆಡುವ ಕೋಣೆಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಅಡುಗೆಮನೆಗೆ ಬೇಡ, ಬಚ್ಚಲಿನ ಪಕ್ಕದ ಓಣಿಗೆ ಬೇಡ, ದೇವರ ಮನೆಗೂ ಬೇಡ. ದೀಪದ ಎಣ್ಣೆ, ಅಭಿಷೇಕದ ನೀರು, ಅರಿಶಿನ, ಕುಂಕುಮ ಇವು ದಿನವೂ ಬೀಳುವ ಜಾಗಕ್ಕೆ ಕಲ್ಲೇ ಸರಿ. ಹೊರಗಿನಿಂದ ಬರುವ ಹೊಸ್ತಿಲಿನ ಒಳಗೂ ನಾಲ್ಕು ಅಡಿ ಕಲ್ಲೋ ಟೈಲ್ಸೋ ಬಿಟ್ಟು ಆಮೇಲೆ ಬಿದಿರು ಶುರುವಾಗಲಿ. ಕರಾವಳಿಯಲ್ಲಿ, ಆಗುಂಬೆಯ ಸುತ್ತಮುತ್ತ ನೆಲಮಹಡಿಯಲ್ಲಿ ಹಾಕಿಸುವವರು ಎರಡು ಸಲ ಯೋಚಿಸಬೇಕು.

ಅಂಗಡಿಗೆ ಹೋದರೆ ಮುಖ್ಯವಾಗಿ ಮೂರು ಬಗೆ ತೋರಿಸುತ್ತಾರೆ. ಸೀಳುಗಳನ್ನು ಮಲಗಿಸಿ ಅಂಟಿಸಿದ್ದು ಒಂದು. ಅದರಲ್ಲಿ ಗೆಣ್ಣುಗಳು ಅಗಲವಾಗಿ ಎದ್ದು ಕಾಣುತ್ತವೆ. ಸೀಳುಗಳನ್ನು ನಿಲ್ಲಿಸಿ ಅಂಟಿಸಿದ್ದು ಇನ್ನೊಂದು; ಸಣ್ಣ ಸಣ್ಣ ಗೆರೆಗಳಾಗಿ ಕಾಣುತ್ತದೆ. ಮೂರನೆಯದು, ನಾರನ್ನು ಬಿಡಿಬಿಡಿಯಾಗಿ ಜಜ್ಜಿ, ಅಂಟಿನಲ್ಲಿ ಅದ್ದಿ, ಭಾರೀ ಒತ್ತಡದಲ್ಲಿ ಅಚ್ಚು ಹಾಕಿದ್ದು. ಇದನ್ನು ಸ್ಟ್ರ್ಯಾಂಡ್ ವೋವನ್ ಎನ್ನುತ್ತಾರೆ. ಹೆಸರಿನಲ್ಲಿ ನೇಯ್ಗೆ ಇದ್ದರೂ ಇದರಲ್ಲಿ ನೇಯುವುದೇನೂ ಇಲ್ಲ. ಗಟ್ಟಿತನವನ್ನು ಅಳೆಯುವ ಜಂಕಾ ಅಳತೆಯಲ್ಲಿ ತೇಗ 1,000ದ ಆಸುಪಾಸಿನಲ್ಲಿದ್ದರೆ ಮೊದಲ ಎರಡು ಬಗೆಗಳು 1,300ರ ಹತ್ತಿರ, ಮೂರನೆಯದು 3,000ದವರೆಗೂ ಹೋಗುತ್ತದೆ. ಕುರ್ಚಿ ಎಳೆದಾಡುವ, ನೆಂಟರಿಷ್ಟರು ಬಂದುಹೋಗುವ ಹಜಾರಕ್ಕೆ ಮೂರನೆಯದನ್ನೇ ಕೊಳ್ಳಿ. ಮಲಗುವ ಕೋಣೆಗೆ ಉಳಿದೆರಡರಲ್ಲಿ ಯಾವುದಾದರೂ ಸಾಕು.

ಬಣ್ಣದ ವಿಷಯದಲ್ಲಿ ಒಂದೇ ಮಾತು. ಕಂದು ಬಣ್ಣದ್ದಕ್ಕೆ ಸಾಮಾನ್ಯವಾಗಿ ಬಣ್ಣ ಬಳಿದಿರುವುದಿಲ್ಲ. ಬಿದಿರನ್ನು ಹಬೆಯಲ್ಲಿ ಒತ್ತಡದಿಂದ ಬೇಯಿಸಿದಾಗ ಅದರ ಸಕ್ಕರೆ ಕಂದಾಗುತ್ತದೆ. ಹೆಚ್ಚು ಬೆಂದಷ್ಟೂ ಮೆದು. ಆದ್ದರಿಂದ ಕಡುಕಂದು ಬೇಕೇ ಬೇಕು ಎನ್ನುವವರು ಮೂರನೆಯ ಬಗೆಯಲ್ಲೇ ಹುಡುಕಿ.

ಹಲಗೆ ಕೈಗೆ ಬಂದ ಕೂಡಲೇ ಮೇಲ್ಮೈಯನ್ನು ನೋಡಬೇಡಿ, ಕೊಯ್ದ ತುದಿಯನ್ನು ನೋಡಿ. ನಿಜವಾದ ಬಿದಿರಾದರೆ ತುದಿಯಲ್ಲಿ ಗಸಗಸೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿರುತ್ತವೆ; ಅವು ನಾರಿನ ಕಟ್ಟುಗಳು. ಕೆಲವದರಲ್ಲಿ ಮೇಲೆ ಎರಡು ಮೂರು ಮಿಲಿಮೀಟರ್ ಮಾತ್ರ ಬಿದಿರು, ಕೆಳಗೆ ಬೇರೆ ಮರದ ಹಲಗೆ ಇರುತ್ತದೆ. ಅದು ಕೆಟ್ಟದ್ದೆಂದಲ್ಲ, ಹಿಗ್ಗುವುದು ಕುಗ್ಗುವುದು ಅದರಲ್ಲಿ ಕಡಿಮೆಯೇ. ಆದರೆ ಪೂರ್ತಿ ಬಿದಿರಿನ ಬೆಲೆ ತೆರಬೇಡಿ. ಮರದ ಪುಡಿಯ ಹಲಗೆಗೆ ಬಿದಿರಿನ ಚಿತ್ರ ಅಂಟಿಸಿದ್ದೂ ಮಾರಾಟಕ್ಕಿದೆ. ಹತ್ತು ಹಲಗೆ ಜೋಡಿಸಿ ನೋಡಿ, ಅದೇ ಗೆಣ್ಣು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅದು ಚಿತ್ರ.

ಬಿದಿರಿನ ವಯಸ್ಸನ್ನು ಕೇಳಿ. ಇದನ್ನು ನಮ್ಮ ತಂದೆಯಿಂದ ಕಲಿತೆ. ಬಿದಿರು ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ, ಆಮೇಲೆ ಒಂದು ಅಡಿಯೂ ಏರುವುದಿಲ್ಲ. ಆದರೆ ಒಳಗೆ ಬಲಿಯಲು ನಾಲ್ಕೈದು ವರ್ಷ ಬೇಕು. ಅಪ್ಪ ಮೆಳೆಯ ಮುಂದೆ ನಿಂತು ಕತ್ತಿಯ ಹಿಂಬದಿಯಿಂದ ಒಂದೊಂದೇ ಗಳವನ್ನು ತಟ್ಟುತ್ತಿದ್ದರು. ಮಂದವಾಗಿ ಸದ್ದು ಮಾಡಿದ್ದನ್ನು ಬಿಟ್ಟು, ಕಣಕಣ ಎಂದದ್ದಕ್ಕೆ ಗುರುತು ಹಾಕುತ್ತಿದ್ದರು. ಕಡಿದದ್ದನ್ನು ಕೆರೆಯಲ್ಲಿ ವಾರಗಟ್ಟಲೆ ನೆನೆಹಾಕಿ ಆಮೇಲೆ ತಟ್ಟಿಗೋ ಏಣಿಗೋ ಬಳಸುತ್ತಿದ್ದರು. ಬಿದಿರಿನ ಒಳಗಿನ ಗಂಜಿಯ ಅಂಶಕ್ಕೆ ಕುಟ್ಟೆ ಹುಳು ಬರುತ್ತದೆ, ನೀರಿನಲ್ಲಿ ಅದು ಬಿಟ್ಟುಹೋದರೆ ಹುಳು ಕಡಿಮೆ. ಈಗ ಕಾರ್ಖಾನೆಗಳಲ್ಲಿ ಅದೇ ಕೆಲಸಕ್ಕೆ ಸೀಳುಗಳನ್ನು ಬೋರಾಕ್ಸ್ ಬೆರೆಸಿದ ನೀರಿನಲ್ಲಿ ಬೇಯಿಸುತ್ತಾರೆ. "ಎಷ್ಟು ವರ್ಷದ ಬಿದಿರು, ಯಾವುದರಲ್ಲಿ ಸಂಸ್ಕರಿಸಿದ್ದು" ಎಂಬ ಎರಡು ಪ್ರಶ್ನೆಗೆ ಅಂಗಡಿಯವರು ಕಂಪನಿಯ ಕಾಗದ ತೋರಿಸಿ ಉತ್ತರಿಸಬೇಕು. ಬಾಯಿಮಾತು ಸಾಲದು. ಜಗತ್ತಿನ ಮಾರುಕಟ್ಟೆಗೆ ಬರುವ ನೆಲಹಾಸಿನಲ್ಲಿ ಬಹುಪಾಲು ಚೀನಾದ ಮೋಸೊ ಎಂಬ ಜಾತಿಯ ಬಿದಿರಿನದು. ನಮ್ಮ ದೇಶದಲ್ಲಿ ತ್ರಿಪುರಾದಲ್ಲಿಯೂ ತಯಾರಾಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನಕ್ಕೆ ಅಲ್ಲಿನ ಬಿದಿರಿನ ನೆಲಹಾಸೇ ಹೋಗಿದೆ. ಸಿಕ್ಕರೆ ಅದನ್ನೂ ತರಿಸಿ ನೋಡಿ.

ಇನ್ನು ಅಂಟು. ಬಿದಿರಿನ ನೆಲದಲ್ಲಿ ಹುಲ್ಲಿನ ಜೊತೆ ಸಾಕಷ್ಟು ಅಂಟೂ ಇರುತ್ತದೆ. ಅಗ್ಗದ ಅಂಟಾದರೆ ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಬಿಡುತ್ತಿರುತ್ತದೆ. ಕಣ್ಣುರಿ, ಗಂಟಲು ಕೆರೆತ ಬರುತ್ತದೆ; ಬಹಳ ಕಾಲ ಹೆಚ್ಚಾಗಿ ಉಸಿರಾಡಿದರೆ ಕ್ಯಾನ್ಸರ್‌ಗೂ ಕಾರಣವಾಗುವ ವಸ್ತು ಅದು. ಪೆಟ್ಟಿಗೆಯ ಮೇಲೆ ಇ1 ಅಥವಾ ಇ0 ಎಂಬ ಗುರುತು ಇರಲೇಬೇಕು. ಇ0 ಎಂದರೆ ಇನ್ನೂ ಕಡಿಮೆ ಅನಿಲ. ಗುರುತಿನ ಜೊತೆ ನಾನು ಮಾಡಿದ ಮನೆಯ ಪರೀಕ್ಷೆಯನ್ನೂ ಮಾಡಿ. ಅಂಗಡಿಯಿಂದ ಗೇಣುದ್ದದ ಮಾದರಿ ತುಂಡುಗಳನ್ನು ತನ್ನಿ. ವಾಸನೆಯಿಲ್ಲದ, ಚೆನ್ನಾಗಿ ತೊಳೆದು ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ಒಂದು ತುಂಡು ಹಾಕಿ, ಮುಚ್ಚಳ ಬಿಗಿದು, ಮಹಡಿಯ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಇಡಿ. ಸಂಜೆ ಮುಚ್ಚಳ ತೆಗೆದು, ಮುಖವನ್ನು ಸ್ವಲ್ಪ ದೂರವೇ ಇಟ್ಟು, ಕೈಯಿಂದ ಗಾಳಿಯನ್ನು ಮೂಗಿನ ಕಡೆ ತಂದುಕೊಳ್ಳಿ. ನಾವು ತಂದ ನಾಲ್ಕು ಮಾದರಿಗಳಲ್ಲಿ ಎರಡು ಒಣಹುಲ್ಲಿನ ಮೆದೆಯ ಹಾಗೆ ಸಿಹಿಯಾಗಿ ವಾಸನೆ ಬಂದವು, ಒಂದು ವಾರ್ನಿಷ್ ವಾಸನೆ. ನಾಲ್ಕನೆಯದರ ಮುಚ್ಚಳ ತೆಗೆದ ಕೂಡಲೇ ಸೊಸೆಯ ಕಣ್ಣಲ್ಲಿ ನೀರು ಬಂತು. ನೋಡಲು ಅದೇ ಎಲ್ಲಕ್ಕಿಂತ ಚಂದವಾಗಿತ್ತು. ಮೊಮ್ಮಗು ತೆವಳುವ ನೆಲ ಅದು. ಆ ಮಾದರಿಯನ್ನು ಅಂದೇ ಹಿಂತಿರುಗಿಸಿದೆವು.

ಎರಡನೆಯ ತುಂಡನ್ನು ಬಕೆಟ್ ನೀರಿನಲ್ಲಿ 24 ಗಂಟೆ ಮುಳುಗಿಸಿಡಿ. ಮಾರನೆಯ ದಿನ ತೆಗೆದು ಒರೆಸಿ, ಒಣ ತುಂಡಿನ ಪಕ್ಕಕ್ಕೆ ಜೋಡಿಸಿ, ಎರಡರ ಮೇಲೂ ಉಗುರು ಓಡಿಸಿ. ಸ್ವಲ್ಪ ದಪ್ಪವಾಗಿದ್ದರೆ ತಪ್ಪಿಲ್ಲ. ಉಗುರು ಮೆಟ್ಟಿಲು ಹತ್ತಿದಂತೆ ತಡೆದರೆ, ಸೀಳುಗಳ ನಡುವೆ ಬಾಯಿ ಬಿಟ್ಟಿದ್ದರೆ ಬೇಡವೇ ಬೇಡ. ಮೂರನೆಯ ತುಂಡಿನ ಮೇಲೆ ಬೀಗದ ಕೈಯಿಂದ ಗೀಚಿ ನೋಡಿ. ಮೇಲಿನ ಪಾಲಿಷ್ ಪೊರೆಯಾಗಿ ಎದ್ದು ಬರಬಾರದು. ಹಿಂದೆ ಹೊಸ ಮೊರ ತಂದಾಗ ಸಗಣಿ, ಮೆಂತ್ಯದ ಹಿಟ್ಟು ಬಳಿದು ಒಣಗಿಸುತ್ತಿದ್ದೆವಲ್ಲ, ಈ ಪಾಲಿಷ್ ಮಾಡುವ ಕೆಲಸವೂ ಅದೇ. ಪೊರೆ ಹೋದ ಕಡೆಯಿಂದ ಬಿದಿರು ನೀರು ಕುಡಿಯುತ್ತದೆ.

ಹಲಗೆ ಒಪ್ಪಿಗೆಯಾದರೂ ದುಡ್ಡು ಕಟ್ಟುವ ಮೊದಲು ನಿಮ್ಮ ಮನೆಯ ನೆಲವನ್ನು ಪರೀಕ್ಷಿಸಿ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಎತ್ತಿದಾಗ ಹಾಳೆಯ ಒಳಬದಿಯಲ್ಲಿ ಬೆವರಿನ ಹನಿ ಕಂಡರೆ, ಅಥವಾ ಕೆಳಗಿನ ಸಿಮೆಂಟ್ ಕಪ್ಪಾಗಿದ್ದರೆ ನೆಲದಲ್ಲಿ ಇನ್ನೂ ನೀರಿದೆ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ ಎರಡು ತಿಂಗಳು ಕಾಯಿರಿ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ನೆಲದ ಮೇಲೆ ಹಾಸಿಸಬೇಡಿ; ಮುಹೂರ್ತ ಬರಿಯ ಸಿಮೆಂಟ್ ನೆಲದ ಮೇಲೂ ನಡೆಯುತ್ತದೆ. ಗೆದ್ದಲಿನ ಔಷಧವನ್ನೂ ಈ ಹಂತದಲ್ಲೇ ಹೊಡೆಸಿ. ಬಿದಿರಿಗೆ ಗೆದ್ದಲು ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಲವೂ ಮುಖ್ಯ. ಬಿರುಬೇಸಿಗೆಯಲ್ಲಿ ಹಾಸಿದ್ದು ಮಳೆಗಾಲದಲ್ಲಿ ಉಬ್ಬುತ್ತದೆ, ನಮಗೆ ಆದದ್ದು ಅದೇ. ಜಡಿಮಳೆಯಲ್ಲಿ ಹಾಸಿದ್ದು ಮಾರ್ಚ್‌ನಲ್ಲಿ ಕುಗ್ಗಿ ಸಂದು ಬಿಡುತ್ತದೆ. ನನ್ನ ಮಟ್ಟಿಗೆ ದೀಪಾವಳಿ ಕಳೆದ ಮೇಲಿನ ದಿನಗಳು ಎಲ್ಲಕ್ಕಿಂತ ಒಳ್ಳೆಯವು. ಹಲಗೆಗಳು ಬಂದ ದಿನವೇ ಹಾಸಲು ಬಿಡಬೇಡಿ. ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ತೆರೆದು, ಅಡ್ಡಡ್ಡ ಪೇರಿಸಿ, ಕನಿಷ್ಠ ಮೂರು ದಿನ ಇಡಿ. ಸ್ಟ್ರ್ಯಾಂಡ್ ವೋವನ್ ಆದರೆ ವಾರವಾದರೂ ಬೇಕು. ಮನೆಯ ಗಾಳಿಗೆ ಅವು ಒಗ್ಗಬೇಕು. ಬೆಂಗಳೂರಿನಲ್ಲಿ ನಾವು ಹನ್ನೆರಡು ದಿನ ಇಟ್ಟಿದ್ದೆವು, ಕೆಲಸದವರು ಎರಡು ಸಲ ಬಂದು ಹಿಂದಿರುಗಿದರು. ಅವರ ಓಡಾಟದ ಖರ್ಚನ್ನು ಕೊಟ್ಟೆವು, ಆತುರಪಡಲಿಲ್ಲ.

ಹಾಸುವ ದಿನ ಮನೆಯವರೊಬ್ಬರು ಪಕ್ಕದಲ್ಲೇ ಇರಿ. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್, ಅದರ ಮೇಲೆ ಹಲಗೆ. ಸುತ್ತಲೂ ಗೋಡೆಯಿಂದ ಮೂರರಿಂದ ನಾಲ್ಕು ನೂಲು, ಅಂದರೆ 10ರಿಂದ 12 ಮಿಲಿಮೀಟರ್ ಬಿಡಲೇಬೇಕು. ಆ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಸ್ಕರ್ಟಿಂಗ್‌ನ ಮೊಳೆ ಗೋಡೆಗೆ ಹೋಗಬೇಕು, ಹಲಗೆಗೆ ಹೋಗಬಾರದು. ಬಾಗಿಲ ಚೌಕಟ್ಟಿನ ಕೆಳಗೂ ಅಷ್ಟೇ ಸಂದು ಇರಲಿ, ಅಲ್ಲಿ ಬಹಳ ಜನ ಮರೆಯುತ್ತಾರೆ. ಗೋಡೆಗೆ ಕೂರಿಸುವ ದೊಡ್ಡ ವಾರ್ಡ್‌ರೋಬನ್ನು ಈ ನೆಲದ ಮೇಲೆ ನಿಲ್ಲಿಸಬೇಡಿ. ಅದನ್ನು ಮೊದಲು ಸಿಮೆಂಟ್ ಮೇಲೆ ಕೂರಿಸಿ, ಅದರ ಮುಂದಿನವರೆಗೆ ಮಾತ್ರ ಹಲಗೆ ತನ್ನಿ. ಅಷ್ಟು ಭಾರ ಒಂದು ಬದಿಯನ್ನು ಒತ್ತಿ ಹಿಡಿದರೆ ಮಿಕ್ಕ ನೆಲಕ್ಕೆ ಸರಿದಾಡಲು ಆಗುವುದಿಲ್ಲ. ಬಾಗಿಲಿನ ಕೆಳಗನ್ನು ಎಷ್ಟು ಹೆರೆಯಬೇಕಾದೀತು ಎಂದೂ ಬಡಗಿಗೆ ಮೊದಲೇ ಹೇಳಿ, ನೆಲ ಒಂದೂವರೆ ಸೆಂಟಿಮೀಟರ್‌ಗಿಂತ ಹೆಚ್ಚೇ ಮೇಲೇರುತ್ತದೆ.

ಬೆಲೆ ಕೇಳುವಾಗ ಚದರ ಅಡಿಯ ಲೆಕ್ಕಕ್ಕೆ ಮರುಳಾಗಬೇಡಿ. ಫೋಮ್, ಸ್ಕರ್ಟಿಂಗ್, ಹೊಸ್ತಿಲ ಪಟ್ಟಿ, ಸಾಗಣೆ, ಕೂಲಿ, ತೆರಿಗೆ ಎಲ್ಲ ಸೇರಿಸಿ ಬರೆಸಿಕೊಳ್ಳಿ. ಕತ್ತರಿಸುವಾಗ ಹಾಳಾಗುವುದಕ್ಕೆಂದು ನೂರಕ್ಕೆ ಎಂಟು ಹತ್ತು ಪಾಲು ಹೆಚ್ಚು ಕೊಳ್ಳಬೇಕು. ವಾರಂಟಿಯ ಕಾಗದದಲ್ಲಿ ವರ್ಷದ ಸಂಖ್ಯೆಯನ್ನು ಬಿಟ್ಟು, ಏನೇನು ಸೇರುವುದಿಲ್ಲ ಎಂದು ಬರೆದ ಸಣ್ಣಕ್ಷರವನ್ನು ಓದಿ. ಪಾಲಿಷ್‌ಗೆ 25 ವರ್ಷ ಎಂದು ಬರೆದವರೇ ತೇವದಿಂದ ಆದ ಹಾನಿಯನ್ನು ಹೊರಗಿಟ್ಟಿರುತ್ತಾರೆ.

ಹಾಸಿದ ಮೇಲೆ ಬದಲಾಗಬೇಕಾದ್ದು ನಮ್ಮ ಒರೆಸುವ ರೂಢಿ. ಬಕೆಟ್ ತುಂಬ ನೀರು, ಫಿನಾಯಿಲ್, ತೊಟ್ಟಿಕ್ಕುವ ಬಟ್ಟೆ ಈ ನೆಲಕ್ಕೆ ಆಗದು. ದಿನವೂ ಮೆತ್ತನೆಯ ಪೊರಕೆಯಿಂದ ಗುಡಿಸಿ. ವಾರಕ್ಕೆ ಎರಡು ಸಲ, ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಮನೆಗೆಲಸಕ್ಕೆ ಬರುವವರಿಗೆ ಒಮ್ಮೆ ಪಕ್ಕದಲ್ಲಿ ಕೂತು ಮಾಡಿ ತೋರಿಸಿ. ಬರೀ ಹೇಳಿದರೆ ಅವರಿಗೆ ಅನುಮಾನ ಹೋಗುವುದಿಲ್ಲ, ಒದ್ದೆಯಾಗದ ನೆಲ ಶುಭ್ರವಾಗುವುದಿಲ್ಲ ಎಂದೇ ಎಲ್ಲರ ನಂಬಿಕೆ. ಮಂಚ, ಕುರ್ಚಿಯ ಕಾಲಿಗೆ ಫೆಲ್ಟ್ ಬಟ್ಟೆಯ ತುಂಡು ಅಂಟಿಸಿ. ತುಳಸಿ ಕುಂಡವಾಗಲಿ, ಹೂವಿನ ಕುಂಡವಾಗಲಿ ನೇರವಾಗಿ ಇಡಬೇಡಿ.

ಉಳಿದ ಹಲಗೆಗಳನ್ನು ಅಂಗಡಿಗೆ ಹಿಂತಿರುಗಿಸಬೇಡಿ. ಮುಂದೊಂದು ದಿನ ಒಂದು ಹಲಗೆ ಹಾಳಾದರೆ ಅದೇ ಬಣ್ಣದ್ದು ಮಾರುಕಟ್ಟೆಯಲ್ಲಿ ಸಿಗುವುದು ಕಷ್ಟ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದಿಟ್ಟು, ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅದೇ ಕೋಣೆಯ ಮಂಚದ ಕೆಳಗೆ ಮಟ್ಟಸವಾಗಿ ಮಲಗಿಸಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತವೆ.